ಅಮ್ಮನ ದನಿಯಲ್ಲಿ ಒಂದು ಹೂಂ

ಜೂನ್ ೩

ಮಹಾಮಾತೆಯವರ ಸಮಕ್ಷಮಕ್ಕೆ,

ಕೆಳಗೆ ಸಹಿ ಮಾಡಿರುವ ಅಪರಾಧಿಯಾದ ನಾನು, ವಯಸ್ಸು ಇಪ್ಪತ್ತೈದು, ವೃತ್ತಿ ಕಾರ್ಟೂನಿನ ಅಳಿಲಿಗೆ ದನಿ ಕೊಡುವುದು, ಯಾರ ಬಲವಂತವೂ ಇಲ್ಲದೆ, ಇದ್ದಷ್ಟು ಸ್ವಂತ ಬುದ್ಧಿಯಿಂದ ಬರೆದುಕೊಳ್ಳುವ ಮನವಿ.

ದೊಡ್ಡಮ್ಮನ ಮನೆಗೆ ಎಷ್ಟು ಸಲ ಫೋನ್ ಮಾಡಿದರೂ ನೀನು ಮಾತಿಗೆ ಬರಲಿಲ್ಲ. ಕೊನೆಗೆ ದೊಡ್ಡಮ್ಮನೇ ಹೇಳಿದರು: "ನಿಮ್ಮಮ್ಮ ಫೋನ್ ಮುಟ್ಟಲ್ವಂತೆ. ಆ ಹುಡುಗಿ ದನಿ ನಂಬೋಕಾಗಲ್ಲ, ಏನಿದ್ರೂ ಬರೆದು ಕಳಿಸ್ಲಿ ಅಂತಿದ್ದಾಳೆ." ತೀರ್ಪು ನ್ಯಾಯವಾಗಿದೆ. ದನಿ ಮಾರಿ ಬದುಕುವವಳಿಗೆ ಇದಕ್ಕಿಂತ ದೊಡ್ಡ ಬಹಿಷ್ಕಾರ ಇನ್ನೇನಿದೆ? ಆದ್ದರಿಂದ ಪೆನ್ನು ಹುಡುಕಿದೆ. ಮನೆಯಲ್ಲಿದ್ದ ಮೂರರಲ್ಲಿ ಒಂದು ಬರೆಯಿತು.

ಅಪರಾಧದ ವಿವರ. ಆ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ನಿನ್ನ ಫೋನು ಫ್ರಿಜ್ಜಿನ ಮೇಲೆ ಬಡಕೊಳ್ಳುತ್ತಿತ್ತು. ಎತ್ತಿದೆ. ಆಸ್ಪತ್ರೆಯ ಸಿಸ್ಟರ್. "ಮೇಡಂ, ರೇಡಿಯೇಷನ್ ವಿಷಯ ಯೋಚನೆ ಮಾಡಿದ್ರಾ? ಹಾಕಿಸ್ಕೊಳ್ಳೋದಾ, ಬರೀ ಮಾತ್ರೆಯಲ್ಲೇ ನೋಡೋದಾ?" ಎಂದರು. ಅಮ್ಮ ಸ್ನಾನಕ್ಕೆ ಹೋಗಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ನಿನ್ನ ದನಿ.

"ಹೂಂ... ಯೋಚನೆ ಮಾಡ್ದೆ ಸಿಸ್ಟರ್. ಕೊಟ್ಬಿಡಿ."

ಆ ಹೂಂ ಅನ್ನು ನೀನು ಎಳೆಯುವ ಹಾಗೆಯೇ ಮೂಗಿನಲ್ಲಿ ಶುರುಮಾಡಿ ಗಂಟಲಲ್ಲಿ ಮುಗಿಸಿದ್ದೆ. ಬರೀ ಕಲೆಯ ದೃಷ್ಟಿಯಿಂದ ನೋಡಿದರೆ ದೋಷ ಹುಡುಕುವುದು ಕಷ್ಟ. ಸ್ಕೂಲಿಗೆ ನಿನ್ನ ದನಿಯಲ್ಲಿ ಫೋನ್ ಮಾಡಿ ನನಗೆ ನಾನೇ ರಜೆ ಕೊಡಿಸಿಕೊಂಡಾಗ ನೀನೇ ಹೊಟ್ಟೆ ಹಿಡಿದು ನಕ್ಕಿದ್ದೆ ಎಂಬ ಅಂಶವನ್ನೂ ದಯವಿಟ್ಟು ಪರಿಗಣಿಸಬೇಕು.

ಸ್ಕ್ಯಾನಿಗೆ ಬರಲು ಆಸ್ಪತ್ರೆಯಿಂದ ಕರೆ ಬಂದಾಗ "ಇದೂ ಒಂದು ಪರೀಕ್ಷೆಯಂತೆ" ಎಂದು ನಿನ್ನನ್ನು ಕರೆದುಕೊಂಡು ಹೋದವಳೂ ನಾನೇ. ಅದು ಎಲ್ಲಿಗೆ ಕಿರಣ ಬಿಡಬೇಕೆಂದು ಅಳತೆ ತೆಗೆಯುವ ಸ್ಕ್ಯಾನು ಎಂದು ನನಗೆ ಗೊತ್ತಿತ್ತು. ಒಳಗೆ ಸಿಸ್ಟರ್ ನಿನ್ನ ಎದೆಯ ಮೇಲೆ ಗುರುತಿನ ಚುಕ್ಕಿ ಹಾಕಲು ಸೂಜಿ ತೆಗೆದುಕೊಂಡರಂತೆ. ಇದು ಯಾಕೆ ಎಂದು ನೀನು ಕೇಳಿದೆಯಂತೆ. "ನೀವೇ ಫೋನಲ್ಲಿ ಹೂಂ ಅಂದ್ರಲ್ಲ ಮೇಡಂ" ಎಂದರಂತೆ. ನೀನು ಎದ್ದು, ಬಟ್ಟೆ ಹಾಕಿಕೊಂಡು ಹೊರಗೆ ಬಂದೆ. ಕಾರಿಡಾರಿನಲ್ಲಿ ನಾನು ಬಿಸ್ಕತ್ತು ತಿನ್ನುತ್ತಿದ್ದೆ. ನೀನು ನನ್ನ ಮುಖ ನೋಡಿದೆ. ಬೈಯಲಿಲ್ಲ. ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ಆ ಬಿಸ್ಕತ್ತಿನ ಚೂರು ಇನ್ನೂ ಗಂಟಲಲ್ಲೇ ಇದೆ ಅಂದರೆ ವೈದ್ಯಶಾಸ್ತ್ರ ಒಪ್ಪುವುದಿಲ್ಲ, ಆದರೆ ಇದೆ.

ಶಿಕ್ಷೆ ನೀನೇ ಹೇಳು. ಬಚ್ಚಲು ಉಜ್ಜುತ್ತೇನೆ. ಅಳಿಲಿನ ಕೆಲಸ ಬಿಟ್ಟು ಮೌನವ್ರತ ಹಿಡಿಯುತ್ತೇನೆ. ಮನೆಗೆ ಮಾತ್ರ ಬಾ.

ಇತಿ, ಪಶ್ಚಾತ್ತಾಪದಲ್ಲಿ ಮುಳುಗಿ ಮೂಗಷ್ಟೇ ಹೊರಗಿಟ್ಟಿರುವ,
ಗಿಣಿ

*

ಜೂನ್ ೧೧

ಗಿಣಿ,

ಕಾಗದ ಬಂತು. ದೊಡ್ಡಮ್ಮ ಗಟ್ಟಿಯಾಗಿ ಓದಿ ಓದಿ ನಕ್ಕಳು. ನಾನೂ ಎರಡು ಕಡೆ ನಕ್ಕೆ. ಆಮೇಲೆ ನಕ್ಕಿದ್ದಕ್ಕೇ ಸಿಟ್ಟು ಬಂತು. ನಿನ್ನ ಕೆಲಸವೇ ಅದು. ಎದುರಿಗಿರುವವರನ್ನು ಮೊದಲು ನಗಿಸಿಬಿಟ್ಟರೆ ಅವರು ಬೈಯಲು ಬಾಯಿ ತೆರೆಯಲಾರರು ಅಂತ ನಿನಗೆ ಚೆನ್ನಾಗಿ ಗೊತ್ತು.

ಹೇಗೆ ಮಾಡಿದೆ ಎಂದು ಸೊಗಸಾಗಿ ಬರೆದಿದ್ದೀಯ. ಯಾಕೆ ಮಾಡಿದೆ ಎಂದು ಎಲ್ಲೂ ಬರೆದಿಲ್ಲ. ಫೋನ್ ಬರುವ ಹಿಂದಿನ ಸಂಜೆ ಒಗೆದ ಬಟ್ಟೆ ಮಡಿಸುತ್ತ ನಾನು ನಿನಗೊಂದು ಮಾತು ಹೇಳಿದ್ದೆ. ನೀನದನ್ನು ಮರೆತಿರುವುದಿಲ್ಲ. ಅದನ್ನೂ ಬಿಟ್ಟಿದ್ದೀಯ.

ಆ ಸ್ಕ್ಯಾನಿನ ಮೇಜು ತಣ್ಣಗಿತ್ತು. ಎರಡೂ ಕೈ ತಲೆಯ ಮೇಲೆತ್ತಿ ಮಲಗಿಸಿದ್ದರು. ಆಪರೇಷನ್ ಆದ ಕಡೆಯ ಕಂಕುಳು ಹಗ್ಗ ಎಳೆದ ಹಾಗೆ ಎಳೆಯುತ್ತಿತ್ತು. ಸೀಲಿಂಗಿನಲ್ಲಿ ಯಾರೋ ನೀಲಿ ಆಕಾಶದ ಚಿತ್ರ ಅಂಟಿಸಿದ್ದರು, ಒಂದು ಮೂಲೆ ಕಿತ್ತುಬಂದಿತ್ತು. ಸಿಸ್ಟರ್ ಆ ಮಾತು ಹೇಳಿದಾಗ, ನನ್ನ ಮೈಗೆ ಏನು ಮಾಡುತ್ತಾರೆ ಅಂತ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ ಅನ್ನಿಸಿತು. ಬಟ್ಟೆ ಇಲ್ಲದೆ ಮಲಗಿದ್ದಕ್ಕೆ ನನಗೆ ನಾಚಿಕೆ ಆಗಿರಲಿಲ್ಲ. ಆಗ ಆಯಿತು.

ಬಚ್ಚಲು ಉಜ್ಜು. ಅದು ಶಿಕ್ಷೆಯಲ್ಲ, ಹೇಗೂ ನಿನ್ನ ಸರದಿ.

ಈಜುಕೊಳಕ್ಕೆ ಹೋಗಿ ಬೆಳಗಿನ ತಂಡದ ಹೆಂಗಸರಿಗೆ ಹೇಳು. ಗೋಡೆ ಹಿಡಿದು ಕಾಲು ಬಡಿಯುವುದನ್ನು ಬಿಡಬಾರದು. ಆಳದ ಕಡೆಗೆ ನಾನು ಬರುವವರೆಗೆ ಯಾರೂ ಹೋಗಬಾರದು. ಟೀಚರಿಗೆ ಏನಾಗಿದೆ ಅಂತ ಕೇಳಿದರೆ ಇದ್ದದ್ದು ಹೇಳು, ಬಣ್ಣ ಹಚ್ಚಬೇಡ.

ಅಮ್ಮ

*

ಜೂನ್ ೧೬

ಸನ್ಮಾನ್ಯ ನ್ಯಾಯಾಧೀಶರೇ,

ಹೆಚ್ಚುವರಿ ಹೇಳಿಕೆ. ಮೊದಲು ಕೊಳದ ಸುದ್ದಿ.

ನಿನ್ನ ಶಿಷ್ಯೆಯರು ಟೋಪಿ ಹಾಕಿಕೊಂಡು, ಸೊಂಟದುದ್ದ ನೀರಿನಲ್ಲಿ ನಿಂತು, ನಿನ್ನ ವಿಷಯದಲ್ಲಿ ಮಹಾಸಭೆ ನಡೆಸಿದರು. ಗೋಡೆ ಬಿಡದ ಪೋಸ್ಟಾಫೀಸ್ ಆಂಟಿ, "ನಮ್ಮತ್ತಿಗೆ ರೇಡಿಯೇಷನ್ ಹಾಕಿಸ್ಕೊಂಡ್ರು, ಏನೂ ಆಗ್ಲಿಲ್ಲ" ಎಂದರು. ಕನ್ನಡಕದಜ್ಜಿ, "ನಮ್ಮ ಮೇಲಿನ ಮನೆಯೋರು ಬೇಡ ಅಂದ್ರು, ಅವ್ರಿಗೂ ಏನೂ ಆಗ್ಲಿಲ್ಲ" ಎಂದರು. "ನಿಮ್ಗೆ ಗೊತ್ತಾಗಲ್ಲ ಸುಮ್ನಿರಿ." "ನಿಮ್ಗೊತ್ತಾ? ಕಾಗದಕ್ಕೆ ಸೀಲ್ ಹೊಡೆಯೋರು ನೀವು." ನೀರು ಎರಚಾಡುವುದೊಂದು ಬಾಕಿ. ಆಗ ಯಾವತ್ತೂ ಮಾತಾಡದ ಆ ಬೇಕರಿಯಮ್ಮ ನನ್ನ ಕಡೆ ತಿರುಗಿ, "ಟೀಚರಿಗೆ ಏನು ಬೇಕಂತೆ?" ಎಂದು ಕೇಳಿದರು.

ಎಲ್ಲರೂ ನನ್ನನ್ನೇ ನೋಡಿದರು. ಹೇಳಲು ಒಂದು ತಮಾಷೆಯೂ ಸಿಗಲಿಲ್ಲ. ಟೋಪಿ ಸರಿಮಾಡಿಕೊಳ್ಳಿ ಎಂದು ಹೇಳಿ ಬಂದುಬಿಟ್ಟೆ.

ಏಕೆಂದರೆ ನನಗೆ ಗೊತ್ತಿತ್ತು. ಆ ಸಂಜೆ ನೀನು ದಿಂಬಿನ ಚೀಲ ಮಡಿಸುತ್ತಿದ್ದೆ. "ನಂಗೆ ಬೇಡ ಅನ್ಸ್ತಿದೆ ಕಣೇ. ಇನ್ನೊಂದು ವಾರ ನೋಡಿ ಹೇಳ್ತೀನಿ" ಎಂದೆ. ನಾನು ಏನು ಮಾಡಿದೆ? ಕಾಲುಚೀಲವೊಂದನ್ನು ಕೈಗೆ ಹಾಕಿಕೊಂಡು ಅದರ ಬಾಯಲ್ಲಿ "ನಂಗೂ ಬೇಡಮ್ಮ, ನನ್ನನ್ನೂ ಒಗೀಬೇಡಿ" ಅನ್ನಿಸಿದೆ. ನೀನು ನಕ್ಕೆ. ಮಾತು ಅಲ್ಲಿಗೆ ಮುಗಿಯಿತು. ಮುಗಿಯಲಿ ಎಂದೇ ಹಾಗೆ ಮಾಡಿದ್ದು.

ಆದ್ದರಿಂದ ಮೊದಲ ಕಾಗದದಲ್ಲಿ ಬಾಯಿ ತೆರೆದಾಗ ನಿನ್ನ ದನಿ ತಾನಾಗಿ ಹೊರಬಂತು ಎಂದು ಬರೆದದ್ದು ಸುಳ್ಳು. ನಿನ್ನ ಉತ್ತರ ಗೊತ್ತಿದ್ದೇ ಅದನ್ನು ತಿರುಗಿಸಿ ಹೇಳಿದೆ.

ಡಾಕ್ಟರಮ್ಮ ತೋರಿಸಿದ ಆ ಹಾಳೆ ನೆನಪಿದೆಯಾ? ನೂರು ಪುಟ್ಟ ಹೆಂಗಸರ ಚಿತ್ರ. ನಿನ್ನ ಗಡ್ಡೆ ಸಣ್ಣದು, ಪೂರ್ತಿ ತೆಗೆದಾಗಿದೆ, ಕಂಕುಳಿಗೆ ಹೋಗಿಲ್ಲ, ನಿನಗೆ ಅರವತ್ತೈದು ದಾಟಿದೆ. ಹೀಗಿರುವ ನೂರು ಜನ ಬರೀ ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಹತ್ತು ವರ್ಷದೊಳಗೆ ಸುಮಾರು ಹತ್ತು ಮಂದಿಗೆ ಅದೇ ಎದೆಯಲ್ಲಿ ಮತ್ತೆ ಬರಬಹುದು. ರೇಡಿಯೇಷನ್ನೂ ಸೇರಿಸಿದರೆ ಒಬ್ಬರಿಗೋ ಇಬ್ಬರಿಗೋ. ಆದರೆ ಹತ್ತು ವರ್ಷದ ನಂತರ ಬದುಕಿರುವವರ ಸಂಖ್ಯೆ ಎರಡು ಕಡೆಯೂ ಹೆಚ್ಚು ಕಡಿಮೆ ಒಂದೇ. ನೀನು ಆ ಕೊನೆಯ ಮಾತು ಕೇಳಿಸಿಕೊಂಡೆ. ನಾನು ಬಣ್ಣ ಹಚ್ಚಿದ ಹತ್ತು ಜನರನ್ನೇ ನೋಡುತ್ತಿದ್ದೆ. ಅವರಲ್ಲಿ ಯಾರಿಗೆ ನಿನ್ನ ಮೂಗಿದೆ ಎಂದು ಹುಡುಕುತ್ತಿದ್ದೆ.

ಇವತ್ತು ಶಿಕ್ಷೆ ನಾನೇ ಕೇಳುವುದಿಲ್ಲ. ಆದರೆ ಸಿಸ್ಟರಿಗೂ ಒಂದು ಮನವಿ ಕಳಿಸಿದ್ದೇನೆ. ನನ್ನಿಂದ ಅವರಿಗೂ ತೊಂದರೆಯಾಗಿರಬೇಕು.

ಗಿಣಿ

*

ಜೂನ್ ೨೪

ಗಿಣಿಯವರಿಗೆ (ಹಾಗೇ ಸಹಿ ಮಾಡಿದ್ದೀರಿ, ಹಾಗೇ ಕರೆಯುತ್ತೇನೆ),

"ಸಿಸ್ಟರ್ ಅವರಿಂದ ಸಾರ್ವಜನಿಕವಾಗಿ ಛೀಮಾರಿ ಹಾಕಿಸಿಕೊಳ್ಳಲು ಅವಕಾಶ ಕೋರಿ" ಎಂಬ ನಿಮ್ಮ ಮನವಿ ತಲುಪಿತು. ಅವಕಾಶ ಇಲ್ಲ. ನಮ್ಮಲ್ಲಿ ಛೀಮಾರಿಗೆ ಬೇರೆ ವಿಭಾಗ ಇಲ್ಲ, ನಮಗೆ ಕೆಲಸವೂ ಜಾಸ್ತಿ.

ತಮಾಷೆ ಬಿಟ್ಟು ಹೇಳುತ್ತೇನೆ. ನೀವು ಮಾಡಿದ್ದು ದೊಡ್ಡ ತಪ್ಪು. ಚುಕ್ಕಿ ಹಾಕಿಯಾಗಿದ್ದರೆ, ಚಿಕಿತ್ಸೆ ಶುರುವಾಗಿದ್ದರೆ ಏನು ಎಂದು ಇವತ್ತಿಗೂ ಯೋಚಿಸುತ್ತೇನೆ. ನಡೆದದ್ದನ್ನು ಮೇಲಿನವರಿಗೆ ನಾನೇ ತಿಳಿಸಿದೆ. ಇನ್ನು ಮುಂದೆ ಇಂಥ ತೀರ್ಮಾನವನ್ನು ಫೋನಿನಲ್ಲಿ ಕೇಳುವುದಿಲ್ಲ ಎಂದು ನಮ್ಮಲ್ಲಿ ನಿಯಮ ಮಾಡಿಕೊಂಡೆವು.

ನಿಮ್ಮ ತಪ್ಪಿನ ಹಿಂದೆ ನನ್ನದೂ ಒಂದಿದೆ. ಕಾಫಿನಾ ಟೀನಾ ಎನ್ನುವ ಹಾಗೆ ಅದಾ ಇದಾ ಎಂದು ಕೇಳಿಬಿಟ್ಟೆ. ಮೊದಲ ದಿನ ನಿಮ್ಮಮ್ಮ ಡಾಕ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರು, ನೆನಪಿದೆಯೇ? "ನೀರಿಗೆ ಯಾವಾಗ ಇಳೀಬಹುದು?" ಅಂತ. ನೀವು "ಅಮ್ಮ ಮೀನಿನ ಜಾತಿ ಡಾಕ್ಟ್ರೆ" ಎಂದಿರಿ, ನಾವೆಲ್ಲ ನಕ್ಕೆವು, ಡಾಕ್ಟರ್ "ಅದೆಲ್ಲ ಆಮೇಲೆ ನೋಡೋಣ" ಎಂದರು. ಅವರ ಮನಸ್ಸಿನಲ್ಲಿದ್ದದ್ದೇ ಆ ಪ್ರಶ್ನೆ. ನಾವು ಅದಕ್ಕೆ ಉತ್ತರ ಕೊಡದೆ ಹಾಳೆ ಕೊಟ್ಟು ಕಳಿಸಿದೆವು. ನೂರು ಹೆಂಗಸರ ಲೆಕ್ಕ ಹೇಳುವುದು ಸುಲಭ. ಎದುರಿಗೆ ಕೂತ ಒಬ್ಬರಿಗೆ ಏನು ಮುಖ್ಯ ಎಂದು ಕೇಳುವುದು, ಕೇಳಿ ಸುಮ್ಮನೆ ಕಾಯುವುದು ಕಷ್ಟ. ನಿರ್ಧಾರ ನಿಮ್ಮದು ಎಂದು ಹೇಳಿ ಕೈ ತೊಳೆದುಕೊಳ್ಳುವುದೂ ಸಹಾಯವಲ್ಲ.

ಇನ್ನೂ ಸಮಯ ಮೀರಿಲ್ಲ, ಅವಸರ ಬೇಡ. ಅವರು ಬೇಡ ಎಂದರೂ ನಾವು ಬಿಟ್ಟುಬಿಡುವುದಿಲ್ಲ, ಮಾತ್ರೆ ಇರುತ್ತದೆ, ಪ್ರತಿ ವರ್ಷ ಪರೀಕ್ಷೆ ಇರುತ್ತದೆ. ಜುಲೈ ೧೫ಕ್ಕೆ ನಿಮ್ಮಮ್ಮನಿಗೆ ಮತ್ತೆ ಸಮಯ ಕೊಟ್ಟಿದ್ದೇವೆ, ಅವರಿಗೂ ಬರೆದಿದ್ದೇನೆ. ಅವರು ಒಪ್ಪಿದರೆ ನೀವೂ ಬನ್ನಿ. ಬಾಯಿ ಮುಚ್ಚಿಕೊಂಡು ಕೂರಿ ಎನ್ನುವುದಿಲ್ಲ. ನಿಮ್ಮ ಭಯವನ್ನು ನಿಮ್ಮದೆಂದೇ ಹೇಳಿ, ಸಾಕು.

ಸಿಸ್ಟರ್

*

ಜುಲೈ ೨

ಗಿಣಿ,

ಸಿಸ್ಟರ್ ಕಾಗದ ಬಂತು. ಒಳ್ಳೆಯ ಹುಡುಗಿ. ನೀನೂ ಬರಬಹುದಾ ಅಂತ ಕೇಳಿದ್ದಾಳೆ. ಬಾ.

ಹೋದ ಕಾಗದದಲ್ಲಿ ನೀನು ಕಾಲುಚೀಲದ ವಿಷಯ ಬರೆದದ್ದು ಒಳ್ಳೆಯದಾಯಿತು. ಅದನ್ನು ಓದಿ ಒಂದು ದಿನ ನಿನ್ನ ಹೆಸರೆತ್ತಲಿಲ್ಲ. ದೊಡ್ಡಮ್ಮನನ್ನು ಕೇಳು. ಆಮೇಲೆ ನನ್ನ ಮೇಲೂ ಸಿಟ್ಟು ಬಂತು. ನೀನು ನಗಿಸಿದಾಗ ನಗದೆ "ತಾಳು, ನನ್ನ ಮಾತು ಮುಗಿದಿಲ್ಲ" ಅನ್ನಬಹುದಿತ್ತಲ್ಲ. ನನಗೂ ಅದು ಮುಗಿದರೆ ಸಾಕಾಗಿತ್ತು.

ಇಷ್ಟು ವರ್ಷ ಹೆಂಗಸರಿಗೆ ಈಜು ಹೇಳಿಕೊಟ್ಟೆ. ಒಬ್ಬರನ್ನೂ ನೀರಿಗೆ ತಳ್ಳಿಲ್ಲ. ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಇಟ್ಟಿರುತ್ತೇನೆ. "ಬಿಡಿ ಟೀಚರ್" ಅಂತ ಅವರೇ ಅಂದಾಗ ಬಿಡುತ್ತೇನೆ. ಅದಕ್ಕೆ ಮುಂಚೆ ಬಿಟ್ಟರೂ ತಪ್ಪು, ಅವರು ಹೇಳಿದ ಮೇಲೂ ಹಿಡಿದುಕೊಂಡಿದ್ದರೂ ತಪ್ಪು. ನೀನು ಎರಡನೇ ತಪ್ಪು ಮಾಡಿದೆ. ಡಾಕ್ಟರಮ್ಮ ಮೊದಲನೆಯದು ಮಾಡಿದಳು.

ಯಾಕೆ ಬೇಡ ಅಂತ ದೊಡ್ಡಮ್ಮ ದಿನಾ ಪೀಡಿಸುತ್ತಾಳೆ. ದಿನಾ ಆಸ್ಪತ್ರೆಗೆ ಓಡಾಡುವುದು, ಸುಸ್ತು, ಚರ್ಮ ಕೆಂಪಾಗುವುದು, ಅದು ಆರುವವರೆಗೆ ಕೊಳಕ್ಕೆ ಇಳಿಯುವ ಹಾಗಿಲ್ಲವಂತೆ. "ಅಷ್ಟಕ್ಕೇ ಬೇಡ ಅಂತೀಯಾ?" ಅಂತ ಅವಳು. ಅಷ್ಟಕ್ಕೇ ಅಲ್ಲ. ಆದರೆ ಅಷ್ಟೂ ಲೆಕ್ಕಕ್ಕೆ ಬರಬೇಕು. ಆಪರೇಷನ್ ಆದ ಮೇಲೆ ಬಟ್ಟೆ ಹಾಕುವಾಗ, ಮಲಗುವಾಗ, ಕನ್ನಡಿ ನೋಡುವಾಗ ಯಾರದೋ ಮೈಯನ್ನು ಎರವಲು ತಂದ ಹಾಗೆ ಇತ್ತು. ಗಾಯ ಮಾಗಿದ ಮೇಲೆ ಮೊದಲ ಸಲ ನೀರಿಗಿಳಿದಾಗ ಮಾತ್ರ ನನ್ನ ಮೈ ನನಗೆ ವಾಪಸ್ ಸಿಕ್ಕಿತು. ಅದನ್ನು ಮತ್ತೆ ಬಿಟ್ಟುಕೊಡಬೇಕಾದರೆ ಅದರಿಂದ ನನ್ನ ಆಯುಸ್ಸಾದರೂ ಹೆಚ್ಚಬೇಕು. ಹೆಚ್ಚುವುದಿಲ್ಲ ಅಂತ ಅವರೇ ಹೇಳುತ್ತಾರೆ.

ಹಾಗಂತ ಪೂರ್ತಿ ತೀರ್ಮಾನ ಮಾಡಿಲ್ಲ. ಮತ್ತೆ ಬಂದರೆ ನಾನೊಬ್ಬಳೇ ಎದುರಿಸುವುದಿಲ್ಲ, ನೀನೂ ಎದುರಿಸಬೇಕು. ನಿನಗೆಷ್ಟು ಭಯ ಅಂತ ನನಗೆ ಗೊತ್ತಿಲ್ಲದಿದ್ದರೆ ನಾನು ಹೇಗೆ ತೂಗಲಿ? ಬರೆದು ಕಳಿಸು. ಅಳಿಲು, ಕಾಲುಚೀಲ, ನ್ಯಾಯಾಧೀಶರು ಯಾರನ್ನೂ ಕರೆಯಬೇಡ. ನೀನೇ ಬರಿ.

ಅಮ್ಮ

*

ಜುಲೈ ೮

ಅಮ್ಮ,

ನಾಲ್ಕು ಸಲ ಶುರುಮಾಡಿ ಹರಿದೆ. ಪ್ರತಿ ಸಲವೂ ಎರಡನೇ ಸಾಲಿಗೇ ತಮಾಷೆ ಬಂದು ಕೂರುತ್ತದೆ.

ಆಪರೇಷನ್ ದಿನ ನಿನ್ನನ್ನು ಒಳಗೆ ಕರೆದುಕೊಂಡು ಹೋಗುವ ಮುಂಚೆ ನಿನ್ನ ಕನ್ನಡಕ, ವಾಚು, ಓಲೆ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಓಲೆಯ ತಿರುಪು ಬಿಚ್ಚಿಹೋಗಿತ್ತು. ಅದು ಕವರಿನ ಮೂಲೆಯಲ್ಲಿ ಸಿಕ್ಕುವವರೆಗೆ ಬೆರಳಿನಿಂದ ತಡಕುತ್ತಲೇ ಇದ್ದೆ. ತಿರುಪು ಕಳೆದರೆ ನೀನೂ ಹೊರಗೆ ಬರುವುದಿಲ್ಲ ಅಂತ ಯಾಕೋ ಅನ್ನಿಸಿಬಿಟ್ಟಿತ್ತು. ಪಕ್ಕದಲ್ಲಿದ್ದ ಒಬ್ಬರು ಹೆದರಬೇಡಿ ಎಂದರು. ಅವರಿಗೆ ಅಳಿಲಿನ ದನಿಯಲ್ಲಿ ಥ್ಯಾಂಕ್ಸ್ ಹೇಳಿದೆ. ಅವರು ನಕ್ಕರು. ನಿನಗೆ ಎಚ್ಚರವಾದ ಮೇಲೆ ಇದನ್ನು ಹೇಳಲಿಲ್ಲ, ನಗಿಸುವುದಿತ್ತಲ್ಲ.

ಇನ್ನೊಂದು ಸಲ ಆ ಕವರ್ ಹಿಡಿದು ಕೂರಲು ನನ್ನಿಂದಾಗುವುದಿಲ್ಲ. ರೇಡಿಯೇಷನ್ ಹಾಕಿಸಿಕೊಂಡರೆ ಅದು ಮತ್ತೆ ಕೈಗೆ ಬರುವ ಸಾಧ್ಯತೆ ಕಡಿಮೆ. ನನ್ನ ವಾದ ಇಷ್ಟೇ. ಇದರಲ್ಲಿ ನಿನ್ನ ಆಯುಸ್ಸಿನ ಮಾತೇ ಇಲ್ಲ, ಇರುವುದೆಲ್ಲ ನನ್ನ ಮಾತು. ನಿನ್ನ ದನಿಯಲ್ಲಿ ಹೂಂ ಅಂದದ್ದು ನನ್ನ ಭಯ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಕಾಗದ ಓದಿ ನಿನ್ನ ಮನಸ್ಸು ಕರಗಲಿ, ಹಾಕಿಸಿಕೊಳ್ಳುತ್ತೇನೆ ಅನ್ನಲಿ ಎಂದು ಬರೆಯುವಾಗಲೂ ಆಸೆಪಡುತ್ತಿದ್ದೇನೆ. ತಪ್ಪೊಪ್ಪಿಗೆಯಲ್ಲೂ ತಳ್ಳುತ್ತಿದ್ದೇನೆ. ಅದನ್ನು ಕಳೆದು ಉಳಿದದ್ದನ್ನಷ್ಟೇ ತೂಗು.

ಗಿಣಿ

*

ಜುಲೈ ೧೭

ದೊಡ್ಡಮ್ಮ,

ನಿಮ್ಮ ತಂಗಿ ಬಸ್ಸಿಳಿದು ಬಂದು "ಎಲ್ಲ ಆಯ್ತು" ಎಂದಷ್ಟೇ ಹೇಳಿ ಮಲಗಿದಳಂತೆ. ಪೂರ್ತಿ ವರದಿ ಬೇಕು, ಫೋನಲ್ಲಾದರೆ ಅವಳಿಗೆ ಕೇಳಿಸುತ್ತದೆ, ಬರೆದು ಕಳಿಸು ಎಂದಿರಿ. ಆಜ್ಞೆಯಂತೆ ವರದಿ.

ಸ್ಥಳ: ಡಾಕ್ಟರಮ್ಮನ ಕೋಣೆ. ಹಾಜರಿದ್ದವರು: ಡಾಕ್ಟರಮ್ಮ, ಸಿಸ್ಟರ್, ಅಮ್ಮ, ಮತ್ತು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ ಒಬ್ಬ ಮಾಜಿ ಅಪರಾಧಿ. ಡಾಕ್ಟರಮ್ಮ ಅಭ್ಯಾಸಬಲದಿಂದ ಮೊದಲು ನನ್ನ ಕಡೆಗೇ ತಿರುಗಿದರು. "ಮಗಳೇನಂತೀರಿ?"

"ಅವಳ ಸರದಿ ಆಮೇಲೆ. ಮೊದ್ಲು ನಂದು" ಎಂದಳು ಅಮ್ಮ. ಟೋಪಿ ಮರೆತು ಬಂದವರಿಗೆ ಹೇಳುವ ದನಿ. ಡಾಕ್ಟರಮ್ಮ ಕುರ್ಚಿಯನ್ನೇ ಅವಳ ಕಡೆ ತಿರುಗಿಸಿಕೊಂಡರು.

"ಹಾಕಿಸ್ಕೊಂಡ್ರೆ ನೀರಿಗೆ ಯಾವಾಗ ಇಳೀಬಹುದು?"

"ಚರ್ಮ ಪೂರ್ತಿ ಆರಿದ್ಮೇಲೆ. ಕೆಲವರಿಗೆ ಬೇಗ ಆರುತ್ತೆ, ಕೆಲವರಿಗೆ ಎರಡು ತಿಂಗಳೂ ಹಿಡಿಯುತ್ತೆ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಬೇಡ ಅಂದು, ಆಮೇಲೆ ಮತ್ತೆ ಬಂದ್ರೆ?"

"ಮತ್ತೆ ಆಪರೇಷನ್. ಈ ಸಲ ಎದೆ ಉಳೀತು. ಆಗ ಪೂರ್ತಿ ತೆಗೀಬೇಕಾಗಿ ಬರಬಹುದು. ಅದನ್ನ ಮುಚ್ಚಿಟ್ಟು ಹೇಳೋಕಾಗಲ್ಲ."

ಅಮ್ಮ ಕನ್ನಡಕ ತೆಗೆದು ಒರೆಸುತ್ತ ಕೂತಳು. ದೊಡ್ಡಮ್ಮ, ಆ ಹೊತ್ತಿನಲ್ಲಿ ನನ್ನ ಬಾಯಿಗೆ ಏಳೆಂಟು ತಮಾಷೆ ಬಂದವು, ಎಲ್ಲವನ್ನೂ ನುಂಗಿದೆ. ಹೊಟ್ಟೆ ತುಂಬಿತು.

"ನಾನು ತಪ್ಪು ಆರಿಸ್ತಾ ಇದ್ರೆ ಹೇಳ್ತೀರಾ?"

"ಹೇಳ್ತೀನಿ. ಒಂದು ದಾರಿ ತಪ್ಪಾಗಿದ್ರೆ ಆರಿಸಿ ಅಂತ ನಿಮ್ಮನ್ನ ಕೇಳ್ತಾನೇ ಇರ್ಲಿಲ್ಲ. ನಿಮ್ಮ ವಿಷಯದಲ್ಲಿ ಎರಡೂ ಸರಿ. ಯಾವುದರ ಜೊತೆ ನೀವು ನೆಮ್ಮದಿಯಾಗಿ ಇರ್ತೀರಿ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೇಡ ಅಂದ್ರೆ ಒಂದೇ ಕರಾರು, ಮಾತ್ರೆ ತಪ್ಪಿಸ್ಬಾರ್ದು."

ಆಗ ಅಮ್ಮ ನನ್ನ ಕಡೆ ತಿರುಗಿದಳು. "ಈಗ ನೀನು."

"ಹಾಕಿಸ್ಕೋ ಅಂತ ನನ್ನಾಸೆ. ನಂಗೆ ಭಯ" ಎಂದೆ. ಹೊರಗೆ ಬಂದ ದನಿ ಥೇಟ್ ಅಳಿಲಿನದಾಗಿತ್ತು. ಸಿಸ್ಟರ್ ಅನುಮಾನದಿಂದ ನೋಡಿದರು. "ಆಣೆ ಮಾಡ್ತೀನಿ ಸಿಸ್ಟರ್, ಇದು ನಂದೇ ದನಿ" ಎಂದೆ. ಯಾರೂ ನಗಲಿಲ್ಲ, ನಗಬಾರದೆಂದು ನನಗೂ ಇತ್ತು.

"ಕೇಳಿಸ್ಕೊಂಡೆ" ಎಂದಳು ಅಮ್ಮ. ಮೇಜಿನ ಅಂಚನ್ನು ಎರಡು ಸಲ ಸವರಿದಳು. "ನಂಗೆ ಬೇಡ ಡಾಕ್ಟ್ರೆ. ಮಾತ್ರೆ ತಗೋತೀನಿ. ಕರೆದಾಗೆಲ್ಲ ಬಂದು ತೋರಿಸ್ಕೋತೀನಿ."

ಹೊರಗೆ ನೀರಿನ ಯಂತ್ರದ ಹತ್ತಿರ ನಿಂತೆವು. ನಾನು ಸುಮ್ಮನೆ ಲೋಟ ತುಂಬಿಸುತ್ತಿದ್ದೆ.

"ಬೇಜಾರಾ?"

"ಹೌದು."

"ತುಂಬಾನಾ?"

"ತುಂಬಾ."

"ಆಗ್ಲಿ. ನಿನ್ನ ಭಯಾನ ಪಕ್ಕಕ್ಕಿಟ್ಟು ಹೇಳಿದ್ದಲ್ಲ ಕಣೇ. ಎತ್ತಿ ನೋಡ್ದೆ. ಭಾರಾನೇ ಇತ್ತು. ನಂದು ಇನ್ನೊಂಚೂರು ಭಾರ ಇತ್ತು, ಅಷ್ಟೆ." ಲೋಟ ಉಕ್ಕಿ ನನ್ನ ಕೈಯೆಲ್ಲ ಒದ್ದೆಯಾಗಿತ್ತು. ಅವಳೇ ಗುಂಡಿ ಒತ್ತಿ ನಿಲ್ಲಿಸಿದಳು.

ಆಮೇಲೆ ಅವಳನ್ನು ಬಸ್ಸು ಹತ್ತಿಸಿದೆ. ಮನೆಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಬರ್ತೀನಿ ಎಂದು ಅವಳೂ ಹೇಳಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಾಳಾ, ನೋಡಿಕೊಳ್ಳಿ. ನಾನು ಕೇಳಿದೆ ಎಂದು ಮಾತ್ರ ಹೇಳಬೇಡಿ.

ಗಿಣಿ

*

ಆಗಸ್ಟ್ ೨೯

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಇಲ್ಲಿ ಎಲ್ಲ ಚೆನ್ನಾಗಿದೆ. ಪೋಸ್ಟಾಫೀಸ್ ಆಂಟಿ ಈಗ ಗೋಡೆಯನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರೆ. ಅಳಿಲಿಗೆ ಈ ವಾರ ಮದುವೆ, ಬಾಯಿ ತುಂಬ ಹತ್ತಿ ತುಂಬಿಕೊಂಡು ಮಾತಾಡಿ ನನ್ನ ದವಡೆ ಹಿಡಿದಿದೆ. ಹೀಗೇ ಒಂದು ಪುಟ ತುಂಬಿಸಿ ಸಹಿ ಮಾಡಬಹುದಿತ್ತು.

ಮೊನ್ನೆ ಬಸ್ಸಿನಲ್ಲಿ ಸಿಸ್ಟರ್ ಸಿಕ್ಕಿದ್ದರು. "ಅಮ್ಮ ಹೇಗಿದ್ದಾರೆ?" ಎಂದರು. "ಚೆನ್ನಾಗಿದ್ದಾರೆ" ಎಂದೆ. ಮನಸ್ಸಿನೊಳಗೆ "ಸದ್ಯಕ್ಕೆ. ನೋಡೋಣ" ಎಂದುಕೊಂಡೆ. ಎರಡು ಸ್ಟಾಪ್ ದಾಟಿದ ಮೇಲೆ ಆ "ನೋಡೋಣ" ನನಗೇ ಕೇಳಿಸಿತು. ಇಳಿಯಬೇಕಾದ ಕಡೆ ಇಳಿಯಲಿಲ್ಲ.

ನನ್ನೊಳಗೆ ಒಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಅಮ್ಮ. ನಿನ್ನ ಕಾಯಿಲೆ ಮತ್ತೆ ಬರಲಿ ಎಂದು ಅವಳು ಬಯಸುವುದಿಲ್ಲ, ಅದು ಸತ್ಯ. ಆದರೆ ಬಂದರೆ "ನಾನು ಹೇಳಿರ್ಲಿಲ್ವಾ" ಎನ್ನಲು ತಯಾರಾಗಿ ಕೂತಿದ್ದಾಳೆ. ಅವಳನ್ನು ಬೈದೆ, ನಗಿಸಿದೆ, ಏಳುವುದಿಲ್ಲ. ಅವಳ ದನಿ ಯಾರಿಂದಲೂ ಕದ್ದದ್ದಲ್ಲ. ನನ್ನದೇ.

ನೀನು ಮನೆಗೆ ಬರುವುದೋ ಬೇಡವೋ ಎಂದು ಯೋಚಿಸುತ್ತಿದ್ದರೆ ಇದೂ ಗೊತ್ತಿರಲಿ. ಇಂಥವಳ ಜೊತೆ ಇರಬೇಕಾಗುತ್ತದೆ.

ಗಿಣಿ

*

ಸೆಪ್ಟೆಂಬರ್ ೪

ಗಿಣಿ,

ನನ್ನೊಳಗೂ ಒಬ್ಬಳಿದ್ದಾಳೆ. ಪ್ರತಿ ವರ್ಷ ಪರೀಕ್ಷೆ ಮುಗಿಸಿ ಹೊರಗೆ ಬಂದು, "ನೋಡ್ದ್ಯಾ? ಏನಾಯ್ತು?" ಅಂತ ನಿನ್ನ ಮುಖಕ್ಕೆ ಹಿಡಿಯಬೇಕು ಅಂತ ಈಗಲೇ ಕಾಯುತ್ತಿದ್ದಾಳೆ. ಅವಳೇನೂ ನಿನ್ನವಳಿಗಿಂತ ಒಳ್ಳೆಯವಳಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಕಿತ್ತಾಡಿಕೊಂಡಿರಲಿ.

ನೀನು ಕೇಳಲಾರದೆ ದೊಡ್ಡಮ್ಮನ ಹತ್ತಿರ ಕೇಳಿಸುತ್ತಿದ್ದೀಯಲ್ಲ, ಅದಕ್ಕೆ ಉತ್ತರ: ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಕೀಲು ನೋವು ಇದೆ, ತಡೆದುಕೊಳ್ಳಬಹುದು. ಮತ್ತೆ ಬರಬಹುದು ಅನ್ನುವ ಭಯ ನನಗಿಲ್ಲ ಅಂದುಕೊಳ್ಳಬೇಡ. ಬೆಳಿಗ್ಗೆ ಎದ್ದ ತಕ್ಷಣ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ತಪ್ಪು ಮಾಡಿದೆನಾ ಅಂತ ಒಂದು ಗಳಿಗೆ ಅನ್ನಿಸುತ್ತದೆ. ಆಮೇಲೆ ಏಳುತ್ತೇನೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಮಂಚದ ಮೇಲೆ ನೀನು ಹರಡಿಕೊಂಡಿರುವುದನ್ನೆಲ್ಲ ಎತ್ತಿಡು.

ಒಂದು ವೇಳೆ ಮತ್ತೆ ಬಂದರೆ, "ನಾನು ಹೇಳಿರ್ಲಿಲ್ವಾ" ಅಂತ ನೀನು ಒಂದು ಸಲ ಹೇಳಬಹುದು. ಒಂದೇ ಸಲ. ನಾನು ಅಳುತ್ತೇನೋ, ಬೈಯುತ್ತೇನೋ, ಈಗ ಗೊತ್ತಿಲ್ಲ. ನೀನು ಹೇಳಿ ಮುಗಿಸು, ಚಪ್ಪಲಿ ಹಾಕಿಕೋ, ನನ್ನ ಜೊತೆ ಆಸ್ಪತ್ರೆಗೆ ಬಾ.

ಅಮ್ಮ